ಮೊದಲ ಸಲ ಮೈದಾನಕ್ಕೆ: ಕ್ರಿಕೆಟ್ ಪಂದ್ಯವನ್ನು ಕಣ್ಣಾರೆ ನೋಡುವ ಆಸೆ ಇರುವವರಿಗೊಂದು ಸಮಗ್ರ ಮಾರ್ಗದರ್ಶಿ

ಟೀವಿಯಲ್ಲಿ ಎಷ್ಟೋ ಪಂದ್ಯ ನೋಡಿದ್ದಾರೆ, ಹಳೆಯ ಸ್ಕೋರ್‌ಕಾರ್ಡ್‌ಗಳೆಲ್ಲ ಬಾಯಿಪಾಠ, ಆದರೆ ಸ್ಟೇಡಿಯಂ ಮೆಟ್ಟಿಲನ್ನು ಇನ್ನೂ ಒಮ್ಮೆಯೂ ಹತ್ತಿಲ್ಲ. ಇಂಥ ಹುಡುಗ ಹುಡುಗಿಯರು ಕರ್ನಾಟಕದ ಪ್ರತಿ ಊರಲ್ಲೂ ಸಿಗುತ್ತಾರೆ. ‘ಲೈವ್ ಮ್ಯಾಚ್’ ಅಂದರೆ ಅವರ ಕಣ್ಣಮುಂದೆ ಬರುವುದು ಚಿನ್ನಸ್ವಾಮಿ ಸ್ಟೇಡಿಯಂ, ರಾತ್ರಿ, ಫ್ಲಡ್‌ಲೈಟ್, ಕೆಂಪು ಜೆರ್ಸಿ, ವಿರಾಟ್ ಕೊಹ್ಲಿ. ಆ ಟಿಕೆಟ್ ಸಿಗುವುದಿಲ್ಲ, ಸಿಕ್ಕರೂ ಕೈಗೆಟುಕುವುದಿಲ್ಲ. ಆಸೆ ಮುಂದಿನ ವರ್ಷಕ್ಕೆ ಹೋಗುತ್ತದೆ, ಅಲ್ಲಿಂದ ಅದರ ಮುಂದಿನ ವರ್ಷಕ್ಕೆ.

ನಾನು ಹೇಳುವುದು ಇಷ್ಟೇ: ಐಪಿಎಲ್‌ನಿಂದ ಶುರು ಮಾಡಬೇಡಿ. ಮೊದಲು ರಾಜ್ಯ ತಂಡಗಳು ಆಡುವ ರಣಜಿ, ಆಮೇಲೆ ಟೆಸ್ಟ್ ಅಥವಾ ಮಹಿಳಾ ಕ್ರಿಕೆಟ್, ಕೊನೆಗೆ ಐಪಿಎಲ್. ಈ ಕ್ರಮದಲ್ಲಿ ಹೋದರೆ ದುಡ್ಡೂ ಉಳಿಯುತ್ತದೆ, ಮೈದಾನದಲ್ಲಿ ಕೂತು ಏನನ್ನು ನೋಡಬೇಕು ಎಂಬುದೂ ಅಭ್ಯಾಸವಾಗುತ್ತದೆ. ದುಬಾರಿ ಟಿಕೆಟ್ ಕೊಂಡು ಒಳಹೋದ ಮೇಲೆ ದೊಡ್ಡ ಪರದೆಯನ್ನೇ ನೋಡುತ್ತ ಕೂರುವ ಜನ ಕಡಿಮೆಯೇನಿಲ್ಲ. ಅದಕ್ಕೆ ಮನೆಯ ಟೀವಿ ಸಾಕಿತ್ತು.

ಹೆಜ್ಜೆ 1: ಯಾವ ಪಂದ್ಯ ಎಂದು ನಿರ್ಧರಿಸಿ

ರಣಜಿ ಟ್ರೋಫಿಯ ಲೀಗ್ ಪಂದ್ಯಗಳಿಗೆ ಸಾಮಾನ್ಯವಾಗಿ ಪ್ರವೇಶ ಉಚಿತ. ನಾಲ್ಕು ದಿನ ನಡೆಯುತ್ತವೆ. ಬೆಳಿಗ್ಗೆ 9.30ರ ಸುಮಾರಿಗೆ ಶುರು, ದಿನಕ್ಕೆ 90 ಓವರ್. ಸ್ಟ್ಯಾಂಡ್‌ಗಳು ಬಹುಪಾಲು ಖಾಲಿ ಇರುವುದರಿಂದ ಬೇಕಾದ ಕಡೆ ಕೂರಬಹುದು, ಬೇಸರವಾದರೆ ಎದ್ದು ಇನ್ನೊಂದು ಮೂಲೆಗೆ ಹೋಗಬಹುದು. ಬೌಂಡರಿ ಗೆರೆಯಲ್ಲಿ ನಿಂತ ಫೀಲ್ಡರ್ ತಂಡದವರ ಜೊತೆ ಆಡುವ ಮಾತೂ ಕೇಳಿಸುತ್ತದೆ. ಭಾರತ ತಂಡದಲ್ಲಿ ಆಡಿದವರು, ನಾಳೆ ಆಡುವವರು ಇಬ್ಬರೂ ಅಲ್ಲಿರುತ್ತಾರೆ. 2025ರ ಜನವರಿ 30ರಂದು ಶುರುವಾದ ಸುತ್ತಿನಲ್ಲಿ ಕೆ.ಎಲ್. ರಾಹುಲ್ ಇದೇ ಚಿನ್ನಸ್ವಾಮಿಯಲ್ಲಿ ಹರಿಯಾಣ ವಿರುದ್ಧ ಕರ್ನಾಟಕಕ್ಕೆ ಆಡಿದರು. ಅದೇ ಸುತ್ತಿನಲ್ಲಿ ಕೊಹ್ಲಿ ದೆಹಲಿಯ ಅರುಣ್ ಜೇಟ್ಲಿ ಸ್ಟೇಡಿಯಂನಲ್ಲಿ ರೈಲ್ವೇಸ್ ವಿರುದ್ಧ ಕಣಕ್ಕಿಳಿದಾಗ, ಉಚಿತ ಪ್ರವೇಶದ ಆ ಪಂದ್ಯಕ್ಕೆ ಸಾವಿರಾರು ಜನ ಮುಗಿಬಿದ್ದರು. ಅವರು 6 ರನ್ನಿಗೆ ಬೌಲ್ಡ್ ಆದರು. ಜನ ಎದ್ದು ಹೊರಟೇಬಿಟ್ಟರು! ಪಂದ್ಯ ಇನ್ನೂ ಬಾಕಿ ಇತ್ತು.

ಹೊರಡುವ ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದದ್ದು ಇದನ್ನೇ. ನಿಮಗೆ ಬೇಕಿರುವುದು ಒಬ್ಬ ಆಟಗಾರನನ್ನು ನೋಡುವುದೋ, ಆಟ ನೋಡುವುದೋ? ಎರಡೂ ತಪ್ಪಲ್ಲ. ಆದರೆ ಆಟಗಾರನಿಗಾಗಿಯೇ ಹೋದರೆ ಆತ ಮೊದಲ ಎಸೆತಕ್ಕೇ ಔಟಾಗಬಹುದು, ಆ ದಿನ ಬೆಂಚ್ ಮೇಲೂ ಕೂರಬಹುದು. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ.

ಈಚಿನ ವರ್ಷಗಳಲ್ಲಿ ರಣಜಿ ಎರಡು ಭಾಗವಾಗಿ ನಡೆಯುತ್ತಿದೆ: ಅಕ್ಟೋಬರ್–ನವೆಂಬರ್‌ನಲ್ಲಿ ಒಂದು, ಜನವರಿ–ಫೆಬ್ರುವರಿಯಲ್ಲಿ ಇನ್ನೊಂದು. ನಡುವೆ ಸೈಯದ್ ಮುಷ್ತಾಕ್ ಅಲಿ ಟಿ20 ಮತ್ತು 50 ಓವರ್‌ಗಳ ವಿಜಯ್ ಹಜಾರೆ ಟ್ರೋಫಿ. ವೇಳಾಪಟ್ಟಿ ಬಿಸಿಸಿಐ ಜಾಲತಾಣದ ದೇಶೀಯ ಕ್ರಿಕೆಟ್ ವಿಭಾಗದಲ್ಲಿ ಸಿಗುತ್ತದೆ. ಕರ್ನಾಟಕದ ತವರು ಪಂದ್ಯಗಳಷ್ಟನ್ನೇ ಒಂದು ಹಾಳೆಯಲ್ಲಿ ಬರೆದು, ಪರೀಕ್ಷೆಯ ದಿನಗಳನ್ನು ಹೊಡೆದುಹಾಕಿ. ಉಳಿದದ್ದು ನಿಮ್ಮದು.

ಬೆಂಗಳೂರಿಗೇ ಬರಬೇಕೆಂದೂ ಇಲ್ಲ. ಹುಬ್ಬಳ್ಳಿಯ ರಾಜನಗರ, ಶಿವಮೊಗ್ಗದ ನವುಲೆ, ಬೆಳಗಾವಿಯ ಆಟೊ ನಗರ, ಮೈಸೂರಿನ ಗಂಗೋತ್ರಿ ಗ್ಲೇಡ್ಸ್, ಹೀಗೆ ರಾಜ್ಯ ಕ್ರಿಕೆಟ್ ಸಂಸ್ಥೆಯ ಪಂದ್ಯಗಳು ಜಿಲ್ಲೆಗಳಿಗೂ ಹೋಗುತ್ತವೆ. 2010ರ ಜನವರಿಯಲ್ಲಿ ಕರ್ನಾಟಕ–ಮುಂಬೈ ರಣಜಿ ಫೈನಲ್ ನಡೆದದ್ದು ಮೈಸೂರಿನಲ್ಲೇ. 338 ರನ್ ಬೆನ್ನಟ್ಟಿದ ಕರ್ನಾಟಕಕ್ಕೆ ಮನೀಷ್ ಪಾಂಡೆ 144 ಹೊಡೆದುಕೊಟ್ಟರೂ ತಂಡ 6 ರನ್ನಿಂದ ಸೋತಿತು. ಅಂದು ಕಿಕ್ಕಿರಿದ ಆ ಮೈದಾನದಲ್ಲಿದ್ದವರು ಇವತ್ತಿಗೂ ಆ ಸಂಕಟ ಹೇಳಿಕೊಳ್ಳುತ್ತಾರೆ. ಹುಬ್ಬಳ್ಳಿ ಸೀಮೆಯವರಿಗೆ ಇನ್ನೊಂದು ಮಾತು: ಭಾರತಕ್ಕೆ ಆಡಿದ ಗದಗದ ಸುನಿಲ್ ಜೋಶಿ ಹುಡುಗನಾಗಿದ್ದಾಗ ಅಭ್ಯಾಸಕ್ಕೆ ಹುಬ್ಬಳ್ಳಿಗೆ ಓಡಾಡಿದವರು. ನಿಮ್ಮೂರಿನಿಂದ ಒಂದು ಬಸ್ಸಿನ ದೂರದಲ್ಲಿ ಏನು ನಡೆಯುತ್ತಿದೆ ಎಂದು ಮೊದಲು ನೋಡಿ.

ಟೆಸ್ಟ್ ಬೆಂಗಳೂರಿಗೆ ಅಪರೂಪ. 2022ರ ಮಾರ್ಚ್‌ನಲ್ಲಿ ಶ್ರೀಲಂಕಾ ವಿರುದ್ಧ ಹಗಲು-ರಾತ್ರಿ ಟೆಸ್ಟ್ ನಡೆದ ಮೇಲೆ ಮುಂದಿನದು ಬಂದದ್ದು 2024ರ ಅಕ್ಟೋಬರ್‌ನಲ್ಲಿ, ನ್ಯೂಜಿಲೆಂಡ್ ವಿರುದ್ಧ. ಬಂದಾಗ ಬಿಡಬೇಡಿ. ಮಹಿಳಾ ಪಂದ್ಯಗಳನ್ನಂತೂ ನಮ್ಮ ಹುಡುಗರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸ್ಮೃತಿ ಮಂದಾನ ನಾಯಕತ್ವದ, ನಮ್ಮ ಬೆಂಗಳೂರಿನ ಆರ್‌ಸಿಬಿ 2024ರಲ್ಲೇ ಮಹಿಳಾ ಪ್ರೀಮಿಯರ್ ಲೀಗ್ ಕಪ್ ಗೆದ್ದಿತ್ತು. ಗಂಡಸರ ತಂಡಕ್ಕೆ ಮೊದಲ ಐಪಿಎಲ್ ಕಪ್ ಸಿಕ್ಕಿದ್ದು 2025ರಲ್ಲಿ. 2025ರ ಮಹಿಳಾ ವಿಶ್ವಕಪ್‌ನ ಲೀಗ್ ಪಂದ್ಯಗಳ ಟಿಕೆಟ್ 100 ರೂಪಾಯಿಯಿಂದ ಶುರುವಾಗಿತ್ತು. ಅಂತರರಾಷ್ಟ್ರೀಯ ಪಂದ್ಯವನ್ನು ಇದಕ್ಕಿಂತ ಅಗ್ಗವಾಗಿ ನೋಡುವ ದಾರಿ ನನಗೆ ಗೊತ್ತಿಲ್ಲ.

ಹೆಜ್ಜೆ 2: ಮನೆಯವರನ್ನು ಒಪ್ಪಿಸಿ

‘ಮ್ಯಾಚ್‌ಗೆ ಹೋಗ್ತೀನಿ’ ಅಂದರೆ ಅಪ್ಪ ಅಮ್ಮನಿಗೆ ಕಾಣುವುದು ರಾತ್ರಿ, ಜನಜಂಗುಳಿ, ಖರ್ಚು. ಹಗಲು ಹೊತ್ತಿನ ರಣಜಿ ಪಂದ್ಯವಾದರೆ ಮೂರೂ ಇಲ್ಲ. ಎಷ್ಟು ಹೊತ್ತಿಗೆ ಹೊರಡುವುದು, ಯಾರ ಜೊತೆ, ಯಾವ ಬಸ್ಸಿಗೆ ವಾಪಸ್ ಎಂದು ಬರೆದು ಕೊಟ್ಟರೆ ಅರ್ಧ ಕೆಲಸ ಆದಂತೆ. ಹದಿನೆಂಟು ತುಂಬದವರು ಅಣ್ಣನನ್ನೋ ಸೋದರಮಾವನನ್ನೋ ಜೊತೆಗೆ ಎಳೆದುಕೊಂಡು ಹೋಗುವುದೇ ಒಳ್ಳೆಯದು. ಹೆಣ್ಣುಮಕ್ಕಳಿಗೆ ಬಸ್ ಖರ್ಚೂ ಉಳಿಯುತ್ತದೆ: 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್‌ಗಳಲ್ಲಿ ಪ್ರಯಾಣ ಉಚಿತ, ಐಷಾರಾಮಿ ಬಸ್‌ಗಳಲ್ಲಿ ಇಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಲಿ.

ಹೆಜ್ಜೆ 3: ಟಿಕೆಟ್

ರಣಜಿಗೆ ಈ ಹೆಜ್ಜೆಯೇ ಬೇಕಿಲ್ಲ. ಯಾವ ಗೇಟು ತೆರೆದಿದೆ ಎಂದು ಕಾವಲುಗಾರರನ್ನು ಕೇಳಿದರಾಯಿತು. ಇಂಥ ದಿನ ಒಂದೆರಡು ಸ್ಟ್ಯಾಂಡ್ ಮಾತ್ರ ತೆರೆದಿರುವುದೇ ಹೆಚ್ಚು.

ಉಳಿದ ಪಂದ್ಯಗಳಿಗೆ, ಟಿಕೆಟ್ ಎಲ್ಲಿ ಮಾರಾಟ ಎಂಬುದನ್ನು ಆಯಾ ತಂಡದ ಅಥವಾ ಕ್ರಿಕೆಟ್ ಸಂಸ್ಥೆಯ ಅಧಿಕೃತ ಪುಟದಲ್ಲೇ ನೋಡಿ. ಆರ್‌ಸಿಬಿ ತನ್ನ ತವರು ಪಂದ್ಯಗಳ ಟಿಕೆಟ್‌ಗಳನ್ನು ತನ್ನದೇ ಜಾಲತಾಣ ಮತ್ತು ಆ್ಯಪ್‌ನಲ್ಲಿ ಮಾರುತ್ತ ಬಂದಿದೆ. ಖಾತೆ ತೆರೆಯುವುದು, ಫೋನ್ ನಂಬರ್ ದೃಢಪಡಿಸುವುದು, ಯುಪಿಐ ಕೆಲಸ ಮಾಡುತ್ತಿದೆಯೇ ಎಂದು ನೋಡುವುದು, ಇದೆಲ್ಲ ಹಿಂದಿನ ದಿನವೇ ಮುಗಿದಿರಲಿ. ಮಾರಾಟ ತೆರೆದ ಮೇಲೆ ಒಟಿಪಿಗೆ ಕಾಯುತ್ತ ಕೂತರೆ ಟಿಕೆಟ್ ಹೋಯಿತು. ಯಾವ ಸ್ಟ್ಯಾಂಡ್, ಎಷ್ಟರವರೆಗೆ ಕೊಡಬಲ್ಲೆ ಎಂಬುದೂ ಮೊದಲೇ ನಿರ್ಧಾರವಾಗಿರಲಿ, ಯಾಕೆಂದರೆ ಕಣ್ಣೆದುರು ಸೀಟುಗಳು ಮಾಯವಾಗುತ್ತಿರುವಾಗ ಬುದ್ಧಿ ಕೆಲಸ ಮಾಡುವುದಿಲ್ಲ.

ಲೆಕ್ಕದಲ್ಲಿ ತೆರಿಗೆಯನ್ನು ಮರೆಯಬೇಡಿ. 2025ರ ಸೆಪ್ಟೆಂಬರ್ 22ರಿಂದ ಐಪಿಎಲ್ ಟಿಕೆಟ್ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೆ ಏರಿತು. 1,000 ರೂಪಾಯಿ ಮೂಲಬೆಲೆಯ ಟಿಕೆಟ್‌ಗೆ ನೀವು ಕೊಡುವುದು 1,400. ಮಾನ್ಯತೆ ಪಡೆದ ಅಂತರರಾಷ್ಟ್ರೀಯ ಪಂದ್ಯಗಳಿಗೆ ಶೇ 18 ಮಾತ್ರ, 500 ರೂಪಾಯಿಯೊಳಗಿನ ಟಿಕೆಟ್‌ಗೆ ಅದೂ ಇಲ್ಲ.

ಕಾಳಸಂತೆಯ ಕಡೆ ತಿರುಗಿಯೂ ನೋಡಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಕಳಿಸುವ ಕ್ಯೂಆರ್ ಕೋಡ್ ಚಿತ್ರ ಹತ್ತು ಜನರಿಗೆ ಮಾರಾಟವಾಗಿರಬಹುದು. ಗೇಟಿನಲ್ಲಿ ಮೊದಲು ಸ್ಕ್ಯಾನ್ ಆದವನು ಒಳಗೆ, ಉಳಿದ ಒಂಬತ್ತು ಜನ ಹೊರಗೆ. ನಿಮ್ಮ ಟಿಕೆಟ್ ಫೋಟೊವನ್ನು ಖುಷಿಗೆ ಇನ್‌ಸ್ಟಾಗ್ರಾಂನಲ್ಲಿ ಹಾಕುವುದೂ ಅಷ್ಟೇ ಅಪಾಯ, ಕೋಡ್ ಎಲ್ಲರಿಗೂ ಕಾಣುತ್ತದೆ.

ಮಳೆಯ ವಿಚಾರ. ಏಪ್ರಿಲ್–ಮೇ ಸಂಜೆಯ ಬೆಂಗಳೂರಿನ ಆಕಾಶವನ್ನು ನಂಬುವಂತಿಲ್ಲ. 2025ರ ಮೇ 17ರಂದು ಆರ್‌ಸಿಬಿ–ಕೋಲ್ಕತ್ತ ಪಂದ್ಯ ಒಂದೂ ಎಸೆತ ಕಾಣದೆ ರದ್ದಾಯಿತು, ಟಿಕೆಟ್ ಹಣ ವಾಪಸ್ ಸಿಕ್ಕಿತು. ಆದರೆ ಸಾಮಾನ್ಯವಾಗಿ ಒಂದೇ ಎಸೆತ ಬಿದ್ದರೂ ಹಣ ವಾಪಸ್ ಇಲ್ಲ. ಚಿನ್ನಸ್ವಾಮಿಯ ನೆಲದಡಿ ನೀರನ್ನು ಹೀರಿ ತೆಗೆಯುವ ಸಬ್‌ಏರ್ ವ್ಯವಸ್ಥೆ ಇದೆ, ಮಳೆ ನಿಂತರೆ ಮೈದಾನ ಬೇಗ ಸಿದ್ಧವಾಗುತ್ತದೆ. ಹಾಗಾಗಿ ಮಳೆ ಬಂತೆಂದು ಎದ್ದು ಹೊರಟುಬಿಡಬೇಡಿ. ಮಳೆ ನಿಲ್ಲದೇ ಇದ್ದರೆ ಯಾವ ಯಂತ್ರವೂ ಏನೂ ಮಾಡಲಾರದು: 2024ರ ನ್ಯೂಜಿಲೆಂಡ್ ಟೆಸ್ಟ್‌ನ ಮೊದಲ ದಿನ ಟಾಸ್ ಕೂಡ ಆಗಲಿಲ್ಲ. ಎರಡನೇ ದಿನ ಬಂದವರು ಭಾರತ 46ಕ್ಕೆ ಆಲೌಟ್ ಆಗುವುದನ್ನು ನೋಡಿದರು.

ಹೆಜ್ಜೆ 4: ಎಲ್ಲಿ ಕೂರಬೇಕು

ಬೆಲೆ ನೋಡಿ ಸೀಟು ಆರಿಸುವವರೇ ಹೆಚ್ಚು. ದಿಕ್ಕು ನೋಡಿ ಆರಿಸಿ.

ಬ್ಯಾಟರ್ ಕಣ್ಣಿಗೆ ಸೂರ್ಯ ಹೊಡೆಯದಿರಲೆಂದು ಪಿಚ್ಚನ್ನು ಹೆಚ್ಚುಕಡಿಮೆ ಉತ್ತರ–ದಕ್ಷಿಣವಾಗಿಯೇ ಹಾಕುತ್ತಾರೆ. ಇದರಿಂದ ಎರಡು ಸಂಗತಿ ಗೊತ್ತಾಗುತ್ತದೆ. ಉತ್ತರ ಅಥವಾ ದಕ್ಷಿಣ ತುದಿಯಲ್ಲಿ ಕೂತರೆ ನೀವು ಬೌಲರ್ ಬೆನ್ನ ಹಿಂದೆಯೋ ಕೀಪರ್ ಬೆನ್ನ ಹಿಂದೆಯೋ ಇರುತ್ತೀರಿ. ಪೂರ್ವ, ಪಶ್ಚಿಮದ ಸ್ಟ್ಯಾಂಡ್‌ಗಳಿಂದ ಪಿಚ್ ಅಡ್ಡಲಾಗಿ ಕಾಣುತ್ತದೆ. ಮಧ್ಯಾಹ್ನದ ಮೇಲೆ ಪೂರ್ವದ ಸ್ಟ್ಯಾಂಡಿನವರ ಮುಖಕ್ಕೆ ಬಿಸಿಲು, ಪಶ್ಚಿಮದವರಿಗೆ ಬೆನ್ನಿಗೆ. ಮಾಡು ಇಲ್ಲದ ಕಡೆ ಇಡೀ ದಿನ ಕೂರಬೇಕಾದರೆ ಇದೇ ಮುಖ್ಯ. ಫೋನಿನ ನಕ್ಷೆ ತೆರೆದು ಸ್ಟ್ಯಾಂಡ್ ಯಾವ ದಿಕ್ಕಿಗಿದೆ ಎಂದು ನೋಡಿಕೊಂಡೇ ಟಿಕೆಟ್ ಒತ್ತಿ.

ನೋಟದ ಲೆಕ್ಕ ಹೀಗೆ. ಅಡ್ಡ ಕೂತವರಿಗೆ ಎಸೆತದ ಲೆಂತ್ ಕಾಣುತ್ತದೆ: ಚೆಂಡು ಎಲ್ಲಿ ಬಿತ್ತು, ಎಷ್ಟು ಪುಟಿಯಿತು, ಬ್ಯಾಟರ್ ಮುಂದೆ ಬಂದರೋ ಹಿಂದೆ ಸರಿದರೋ. ಹಿಂದೆ ಕೂತವರಿಗೆ ಕಾಣುವುದು ಲೈನ್: ಚೆಂಡು ಎತ್ತ ವಾಲಿತು, ಎಷ್ಟು ತಿರುಗಿತು. ವೇಗವನ್ನು ಮೈಮೇಲೆ ಅನುಭವಿಸಬೇಕಾದರೆ ಕೆಳಗಿನ ಸಾಲು, ಫೀಲ್ಡಿಂಗ್ ವ್ಯೂಹ ಓದಬೇಕಾದರೆ ಮೇಲಿನ ಸಾಲು. ತೀರ ಕೆಳಗೆ ಕೂತರೆ ತಂತಿಬಲೆ, ಜಾಹೀರಾತು ಹಲಗೆ, ಓಡಾಡುವವರ ತಲೆ ಎಲ್ಲವೂ ಅಡ್ಡ. ನನ್ನ ಆಯ್ಕೆ ಯಾವತ್ತೂ ತುದಿಯ ಸ್ಟ್ಯಾಂಡ್‌ನ ಮೇಲಿನ ಸಾಲು, ಸೈಟ್ ಸ್ಕ್ರೀನ್‌ನಿಂದ (ಬೌಲರ್ ಬೆನ್ನ ಹಿಂದೆ ಬೌಂಡರಿಯಾಚೆ ಇರುವ ದೊಡ್ಡ ಪರದೆ) ಒಂದಿಷ್ಟು ಪಕ್ಕಕ್ಕೆ. 1987ರ ಮಾರ್ಚ್‌ನಲ್ಲಿ ಇದೇ ಚಿನ್ನಸ್ವಾಮಿಯ ತಿರುಗುವ ಪಿಚ್ ಮೇಲೆ ಸುನಿಲ್ ಗಾವಸ್ಕರ್ ತಮ್ಮ ಕೊನೆಯ ಟೆಸ್ಟ್ ಇನಿಂಗ್ಸ್‌ನಲ್ಲಿ ಪಾಕಿಸ್ತಾನದ ವಿರುದ್ಧ 96 ಹೊಡೆದರಲ್ಲ, ಅಂಥದ್ದನ್ನು ನೋಡಲು ಇರುವ ಜಾಗ ಅದೇ.

ಹೆಜ್ಜೆ 5: ಪ್ರಯಾಣ ಮತ್ತು ಚೀಲ

ಬೆಂಗಳೂರಿಗೆ ಬಂದವರು ಗಾಡಿಯ ಸಹವಾಸ ಬಿಟ್ಟು ಮೆಟ್ರೊ ಹಿಡಿಯಿರಿ. ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್ ಕಡೆಯ ನೇರಳೆ ಮಾರ್ಗ. ಕಬ್ಬನ್ ಪಾರ್ಕ್ ಅಥವಾ ಎಂ.ಜಿ. ರಸ್ತೆ ನಿಲ್ದಾಣದಲ್ಲಿ ಇಳಿದರೆ ಸ್ಟೇಡಿಯಂ ನಡಿಗೆಯ ದೂರ. ನಿಮ್ಮ ಟಿಕೆಟ್‌ನಲ್ಲಿರುವ ಗೇಟು ಯಾವ ರಸ್ತೆಗಿದೆ ಎಂದು ನೋಡಿ ನಿಲ್ದಾಣ ಆರಿಸಿ, ಇಲ್ಲವಾದರೆ ಅರ್ಧ ಸ್ಟೇಡಿಯಂ ಸುತ್ತಬೇಕಾಗುತ್ತದೆ. ವಾಪಸಿನ ಮೆಟ್ರೊ ಟಿಕೆಟನ್ನೂ ಬರುವಾಗಲೇ ತೆಗೆದುಕೊಳ್ಳಿ.

ದೊಡ್ಡ ಪಂದ್ಯಗಳಿಗೆ ಚೀಲ, ನೀರಿನ ಬಾಟಲಿ, ಹೆಲ್ಮೆಟ್, ಪವರ್‌ಬ್ಯಾಂಕ್, ಸೆಲ್ಫಿ ಕೋಲು, ದೊಡ್ಡ ಕ್ಯಾಮೆರಾ, ಲೈಟರ್, ಕೋಲು ಕಟ್ಟಿದ ಬಾವುಟ, ಹೊರಗಿನ ತಿಂಡಿ ಯಾವುದನ್ನೂ ಬಿಡುವುದಿಲ್ಲ. ಪಟ್ಟಿ ಪಂದ್ಯದಿಂದ ಪಂದ್ಯಕ್ಕೆ ಬದಲಾಗುವುದರಿಂದ ಟಿಕೆಟ್ ಜೊತೆಗಿನ ಸೂಚನೆ ಓದಿ. ಒಮ್ಮೆ ಹೊರಬಂದರೆ ಮತ್ತೆ ಒಳಗೆ ಬಿಡುವುದಿಲ್ಲ ಎಂಬುದೂ ನೆನಪಿರಲಿ. ಟೋಪಿ, ಗುರುತಿನ ಚೀಟಿ, ಚಾರ್ಜ್ ತುಂಬಿದ ಫೋನ್, ಒಂದಿಷ್ಟು ನಗದು. ಅಷ್ಟು ಜನ ಸೇರಿದಾಗ ನೆಟ್‌ವರ್ಕ್ ಕೈಕೊಡುತ್ತದೆ, ಟಿಕೆಟ್ ಮೊದಲೇ ಫೋನಿಗೆ ಇಳಿಸಿಕೊಂಡಿರಿ. ರಣಜಿಗೆ ಇಷ್ಟು ಬಿಗಿ ಇರುವುದಿಲ್ಲ. ಕಾವಲಿನವರು ಬಿಟ್ಟರೆ ಬುತ್ತಿ ಕಟ್ಟಿಕೊಂಡೇ ಹೋಗಿ, ಚಿತ್ರಾನ್ನಕ್ಕೆ 40 ನಿಮಿಷದ ಊಟದ ವಿರಾಮ ಧಾರಾಳ.

ಹೆಜ್ಜೆ 6: ಗೇಟಿನ ಮುಂದೆ

ಈ ಭಾಗವನ್ನು ಹಾರಿಸಿ ಓದಬೇಡಿ. 2025ರ ಜೂನ್ 4ರಂದು ಆರ್‌ಸಿಬಿ ವಿಜಯೋತ್ಸವದ ವೇಳೆ ಚಿನ್ನಸ್ವಾಮಿ ಗೇಟುಗಳ ಬಳಿ ನಡೆದ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ಸತ್ತವರಲ್ಲಿ ಬಹಳಷ್ಟು ಜನ ನಿಮ್ಮದೇ ವಯಸ್ಸಿನವರು, ಇದೇ ಆಸೆಯಿಂದ ಬಂದವರು. ಅದಾದ ಮೇಲೆ ಆ ವರ್ಷದ ಮಹಿಳಾ ವಿಶ್ವಕಪ್‌ನ ಬೆಂಗಳೂರಿನ ಪಂದ್ಯಗಳು ನವಿ ಮುಂಬೈಗೆ ಹೋದವು. ಆದ್ದರಿಂದ ಪಂದ್ಯ ಎಲ್ಲಿ ಎಂಬುದನ್ನು ಹೊರಡುವ ಮುನ್ನ ಇನ್ನೊಮ್ಮೆ ಖಚಿತ ಮಾಡಿಕೊಳ್ಳಿ.

ಟಿಕೆಟ್ ಇಲ್ಲದೆ ‘ಹೋಗಿ ನೋಡೋಣ, ಬಿಟ್ಟರೆ ಬಿಡಲಿ’ ಎಂದು ಹೋಗಬೇಡಿ. ಉಚಿತ ಪ್ರವೇಶ ಎಂಬ ಸುದ್ದಿ ಕೊನೇ ಗಳಿಗೆಯಲ್ಲಿ ಹಬ್ಬಿದರೆ ಅದು ಓಡಬೇಕಾದ ಸುದ್ದಿಯಲ್ಲ, ದೂರ ಉಳಿಯಬೇಕಾದ ಸುದ್ದಿ. ದೊಡ್ಡ ಪಂದ್ಯಕ್ಕೆ ಗೇಟು ತೆರೆಯುವ ಹೊತ್ತಿಗೇ ಹೋಗಿ. ನೂಕುನುಗ್ಗಲು ಆಗುವುದು ಆಟ ಶುರುವಾಗುವ ಮುಂಚಿನ ಅರ್ಧ ಗಂಟೆಯಲ್ಲಿ. ಎದೆಗೆ ಎದೆ ತಾಗುವಷ್ಟು ಒತ್ತಡ ಬಂತೋ, ಎರಡೂ ಮುಂಗೈಗಳನ್ನು ಎದೆಯ ಮುಂದೆ ಮಡಚಿ ಹಿಡಿದು ಉಸಿರಿಗೆ ಜಾಗ ಉಳಿಸಿಕೊಳ್ಳಿ. ಜನರ ಅಲೆಗೆ ಎದುರು ನೂಕಬೇಡಿ, ಅಲೆ ಸಡಿಲವಾದಾಗಲೆಲ್ಲ ಓರೆಯಾಗಿ ಅಂಚಿನ ಕಡೆ ಸರಿಯಿರಿ. ಫೋನೋ ಚಪ್ಪಲಿಯೋ ಬಿದ್ದರೆ ಹೋಗಲಿ, ಬಗ್ಗಬೇಡಿ. ಯಾರಾದರೂ ಬಿದ್ದರೆ ಅಕ್ಕಪಕ್ಕದವರನ್ನು ಕೂಗಿ ಕರೆದು ತಕ್ಷಣ ಎತ್ತಿ. ಗೋಡೆ, ಬ್ಯಾರಿಕೇಡ್‌ಗಳಿಗೆ ಒತ್ತಿ ನಿಲ್ಲಬೇಡಿ. ಗುಂಪಾಗಿ ಬಂದಿದ್ದರೆ ತಪ್ಪಿಸಿಕೊಂಡಾಗ ಎಲ್ಲಿ ಸೇರುವುದೆಂದು ಮೊದಲೇ ಹೇಳಿಕೊಂಡಿರಿ. ಚಿಕ್ಕ ಮಕ್ಕಳಿದ್ದರೆ ಮುಂಗೈ ಮೇಲೆ ಫೋನ್ ನಂಬರ್ ಬರೆಯಿರಿ.

ಹೆಜ್ಜೆ 7: ಈಗ ಆಟ ನೋಡಿ

ಒಳಗೆ ಕೂತ ಮೊದಲ ಹತ್ತು ನಿಮಿಷ ಎಲ್ಲರಿಗೂ ಗೊಂದಲವೇ. ಕಾಮೆಂಟರಿ ಇಲ್ಲ, ಹತ್ತಿರದ ನೋಟ ಇಲ್ಲ. ಆಟಗಾರರು ಚಿಕ್ಕದಾಗಿ ಕಾಣುತ್ತಾರೆ, ಚೆಂಡಂತೂ ಕಾಣುವುದೇ ಇಲ್ಲ ಅನ್ನಿಸುತ್ತದೆ. 140 ಕಿ.ಮೀ. ವೇಗದ ಎಸೆತ ಕೈಬಿಟ್ಟು ಬ್ಯಾಟ್ ತಲುಪಲು ಅರ್ಧ ಸೆಕೆಂಡೂ ಬೇಡ. ಹಾಗಾಗಿ ಚೆಂಡಿನ ಹಿಂದೆ ಓಡುವುದನ್ನು ಬಿಟ್ಟು ಬ್ಯಾಟರ್ ಕಾಲನ್ನು ನೋಡಿ. ಕಾಲು ಎತ್ತ ಹೋಯಿತೋ ಚೆಂಡಿನ ಕತೆ ಅದರಲ್ಲೇ ಇರುತ್ತದೆ. ಕಣ್ಣು ಒಂದೆರಡು ಗಂಟೆಯಲ್ಲಿ ಪಳಗುತ್ತದೆ.

ಬ್ಯಾಟಿನ ಸದ್ದು ಹೊಡೆತ ಕಂಡ ಮೇಲೆ ಚೂರು ತಡವಾಗಿ ಬರುತ್ತದೆ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್; ನೂರು ಮೀಟರ್ ದೂರ ಕೂತವರಿಗೆ ಸೆಕೆಂಡಿನ ಮೂರನೇ ಒಂದರಷ್ಟು ತಡ. ಆ ಸದ್ದನ್ನು ಕಿವಿಗೊಟ್ಟು ಕೇಳಿ. ನಡುಬ್ಯಾಟಿಗೆ ಸರಿಯಾಗಿ ಕೂತ ಚೆಂಡಿನ ಸದ್ದೇ ಬೇರೆ, ಅಂಚಿಗೆ ಸವರಿದ್ದೇ ಬೇರೆ. ಖಾಲಿ ಸ್ಟ್ಯಾಂಡ್‌ಗಳ ರಣಜಿ ಪಂದ್ಯದಲ್ಲಿ ಇದು ಸ್ಪಷ್ಟ. ಐಪಿಎಲ್‌ನ ಡಿಜೆ ಗದ್ದಲದಲ್ಲಿ ಕೇಳಿಸಿದರೆ ನಿಮ್ಮ ಪುಣ್ಯ.

ಪ್ರತಿ ಓವರ್ ಶುರುವಾಗುವ ಮುನ್ನ ಫೀಲ್ಡರ್‌ಗಳನ್ನು ಎಣಿಸಿ. ಕೀಪರ್ ಪಕ್ಕದ ಸ್ಲಿಪ್‌ನಲ್ಲಿ ಎಷ್ಟು ಜನ, ಬ್ಯಾಟರ್‌ಗೆ ತೀರ ಹತ್ತಿರದ ಶಾರ್ಟ್ ಲೆಗ್‌ನಲ್ಲಿ ಯಾರಾದರೂ ಇದ್ದಾರೆಯೇ, ಬೌಂಡರಿ ಕಡೆಯ ಡೀಪ್‌ನಲ್ಲಿ ಯಾರು. ಕೀಪರ್ ಎಷ್ಟು ಹಿಂದೆ ನಿಂತಿದ್ದಾರೆ ನೋಡಿದರೆ ಪಿಚ್‌ನ ವೇಗ, ಪುಟಿತ ಗೊತ್ತಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಅವರು ಎರಡು ಹೆಜ್ಜೆ ಮುಂದೆ ಬಂದಿದ್ದರೆ ಪಿಚ್ ನಿಧಾನವಾಗಿದೆ ಎಂದೇ ಅರ್ಥ. ಬೌಲರ್ ಓಡಿಬರುವಾಗ ಹೊರವಲಯದ ಫೀಲ್ಡರ್‌ಗಳೆಲ್ಲ ಒಟ್ಟಿಗೆ ಒಳಕ್ಕೆ ನಡೆಯುತ್ತಾರೆ, ಎಸೆತ ಮುಗಿದೊಡನೆ ಸಡಿಲವಾಗುತ್ತಾರೆ. ಇಡೀ ಮೈದಾನ ಒಂದೇ ಎದೆಯಂತೆ ಉಸಿರೆಳೆದು ಬಿಡುವ ಈ ನೋಟವನ್ನು ಟೀವಿ ಎಂದೂ ತೋರಿಸುವುದಿಲ್ಲ.

ಇನ್ನೊಂದು ಅಭ್ಯಾಸ: ಒಂದು ಓವರ್ ಪೂರ್ತಿ ಒಬ್ಬರನ್ನೇ ನೋಡಿ. ಒಮ್ಮೆ ನಾನ್‌ಸ್ಟ್ರೈಕರ್, ಒಮ್ಮೆ ಮಿಡ್‌ಆಫ್, ಒಮ್ಮೆ ನಾಯಕ. ಕೀಪರ್‌ನಿಂದ ಹೊರಟ ಚೆಂಡು ಯಾರ ಯಾರ ಕೈ ದಾಟಿ, ಯಾರ ಪ್ಯಾಂಟಿಗೆ ಉಜ್ಜಿಸಿಕೊಂಡು ಬೌಲರ್ ತಲುಪುತ್ತದೆ ಎಂದು ಹಿಂಬಾಲಿಸಿ. ಹೊಳಪನ್ನು ಕಾಯುವ ಕೆಲಸ ತಂಡದಲ್ಲಿ ಯಾರದೆಂದು ತಾನೇ ಗೊತ್ತಾಗುತ್ತದೆ. ನೋಟ್‌ಬುಕ್ ಒಯ್ಯಲು ಬಿಟ್ಟರೆ ಪ್ರತಿ ಎಸೆತಕ್ಕೂ ಒಂದು ಚುಕ್ಕೆ ಅಥವಾ ಅಂಕಿ ಬರೆಯುತ್ತ ಹೋಗಿ. ಚುಕ್ಕೆಗಳು ಸಾಲುಗಟ್ಟಿದಾಗ ಬ್ಯಾಟರ್ ಮೇಲೆ ಒತ್ತಡ ಏರುವುದು ಕಾಗದದ ಮೇಲೇ ಕಾಣುತ್ತದೆ.

‘ಏನೂ ಆಗುತ್ತಿಲ್ಲ’ ಅನ್ನಿಸುವ ಹೊತ್ತಿನಲ್ಲಿ ಏಳಬೇಡಿ. 1974ರಲ್ಲಿ ಚಿನ್ನಸ್ವಾಮಿ ಮೈದಾನದಲ್ಲಿ ಮುಂಬೈ ವಿರುದ್ಧ ನಡೆದ ರಣಜಿ ಸೆಮಿಫೈನಲ್‌ನಲ್ಲಿ ಕರ್ನಾಟಕದ ಸ್ಪಿನ್ನರ್ ಎರಪಳ್ಳಿ ಪ್ರಸನ್ನ ಗಾವಸ್ಕರ್‌ರನ್ನು ಬೌಲ್ಡ್ ಮಾಡಿದ್ದನ್ನು ಹಳಬರು ಈಗಲೂ ಹೇಳುತ್ತಾರೆ. ವಿಶ್ವನಾಥ್ 162 ಹೊಡೆದಿದ್ದ ಆ ಪಂದ್ಯದಲ್ಲಿ ಮೊದಲ ಇನಿಂಗ್ಸ್ ಮುನ್ನಡೆಯ ಬಲದಿಂದ ಕರ್ನಾಟಕ ಮುಂಬೈಯ ಪಾರುಪತ್ಯ ಮುರಿಯಿತು, ಆಮೇಲೆ ಫೈನಲ್ ಗೆದ್ದು ಮೊದಲ ರಣಜಿ ಕಪ್ ತಂದಿತು. ಸ್ಪಿನ್ನರ್ ವಿಕೆಟನ್ನು ಕಟ್ಟುತ್ತ ಬರುವುದು ಅದಕ್ಕೂ ಮುಂಚಿನ ಓವರ್‌ಗಳಲ್ಲಿ. ಆಗ ನೀವು ಐಸ್‌ಕ್ರೀಂ ಸಾಲಿನಲ್ಲಿದ್ದರೆ ಕೊನೆಯ ಎಸೆತ ಕಂಡರೂ ಕತೆ ಸಿಗುವುದಿಲ್ಲ.

ಆಟಗಾರರ ಹಸ್ತಾಕ್ಷರ ಬೇಕಿದ್ದರೆ ರಣಜಿಯೇ ಸರಿ. ಬೆಳಿಗ್ಗೆ ಅಭ್ಯಾಸದ ಹೊತ್ತು ಅಥವಾ ದಿನದಾಟ ಮುಗಿದ ಮೇಲೆ ಕೇಳಿ. ಬ್ಯಾಟಿಂಗ್‌ಗೆ ಪ್ಯಾಡ್ ಕಟ್ಟಿ ಕೂತವರನ್ನು, ಆಗಷ್ಟೇ ಔಟಾಗಿ ಬಂದವರನ್ನು ಮಾತಾಡಿಸಬೇಡಿ. ‘ಸರ್, ಒಂದು ಸಹಿ’ ಎಂದರೆ ಸಾಕು, ಹೆಸರು ಹಿಡಿದು ಕಿರುಚುವ ಅಗತ್ಯವಿಲ್ಲ.

ಹೆಜ್ಜೆ 8: ವಾಪಸ್

ರಾತ್ರಿ 7.30ರ ಟಿ20 ಪಂದ್ಯ ಮುಗಿಯುವಾಗ 11 ದಾಟಿರುತ್ತದೆ. ಕೊನೆಯ ಎಸೆತವಾದೊಡನೆ ಗೇಟಿಗೆ ನುಗ್ಗದೆ ಹದಿನೈದಿಪ್ಪತ್ತು ನಿಮಿಷ ಸೀಟಿನಲ್ಲೇ ಕೂತಿರಿ. ಬಹುಮಾನ ವಿತರಣೆ ನೋಡಿದಂತೆಯೂ ಆಯಿತು, ಜನ ಕರಗಿದಂತೆಯೂ ಆಯಿತು. ಪಂದ್ಯದ ದಿನಗಳಲ್ಲಿ ಮೆಟ್ರೊ ಸೇವೆಯನ್ನು ತಡರಾತ್ರಿಯವರೆಗೆ ವಿಸ್ತರಿಸುವುದು ರೂಢಿ, ಆದರೆ ಆ ದಿನದ ಪ್ರಕಟಣೆ ನೋಡದೆ ನೆಚ್ಚಿಕೊಳ್ಳಬೇಡಿ. ಊರಿಗೆ ಹೋಗುವವರು ಮೆಜೆಸ್ಟಿಕ್‌ನಿಂದ 11.30ರ ಬಸ್ಸಿಗೆ ಸೀಟು ಕಾದಿರಿಸಿದರೆ ಕೊನೆಯ ಐದು ಓವರ್ ಬಿಟ್ಟು ಓಡಬೇಕಾಗುತ್ತದೆ. ಮಧ್ಯರಾತ್ರಿ ದಾಟಿದ ಮೇಲಿನ ಬಸ್ ನೋಡಿ. ಅದೂ ಇಲ್ಲದಿದ್ದರೆ ನೆಂಟರ ಮನೆಯಲ್ಲಿ ಮಲಗಿ ಬೆಳಗಿನ ಮೊದಲ ಬಸ್ಸಿಗೆ ಹೊರಡಿ, ಆ ನೆಂಟರಿಗೆ ರಾತ್ರಿ ಎಷ್ಟು ಹೊತ್ತಾಗುತ್ತದೆ ಎಂದು ಮೊದಲೇ ಹೇಳಿರಿ.